ತೆರೆದ ಬಟ್ಟಲಿನ ಲೆಕ್ಕ

ಕಂಬಸ್ಟಿಬಲ್, ಫ್ಲೇಮಬಲ್. ನಮ್ಮ ಕಾರ್ಖಾನೆಯ ಪ್ರತಿ ಡ್ರಮ್ಮಿನ ಮೇಲೂ ಈ ಎರಡು ಇಂಗ್ಲಿಷ್ ಪದಗಳಲ್ಲಿ ಒಂದು ಇರಲೇಬೇಕು. ಯಾವುದು ಎಂದು ತೀರ್ಮಾನಿಸುವುದು ನನ್ನ ಕೆಲಸ. ನಿಘಂಟು ತೆಗೆದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ: ಉರಿಯಬಲ್ಲದ್ದು. ನಮ್ಮ ನಿಯಮದಲ್ಲಿ ಮಾತ್ರ ಅವೆರಡರ ನಡುವೆ ಅರವತ್ತು ಡಿಗ್ರಿಯ ಗೆರೆಯಿದೆ.

ನಾವು ತಯಾರಿಸುವುದು ಅಚ್ಚಿನ ಯಂತ್ರಗಳ ರೋಲರ್ ತೊಳೆಯುವ ದ್ರಾವಕ. ಅದನ್ನು ಹಿತ್ತಾಳೆಯ ಬಟ್ಟಲಿನಲ್ಲಿ ನಿಧಾನವಾಗಿ ಕಾಯಿಸುತ್ತ, ಎರಡೆರಡು ಡಿಗ್ರಿಗೊಮ್ಮೆ ಬಟಾಣಿ ಕಾಳಿನಷ್ಟು ಜ್ವಾಲೆಯನ್ನು ಮೇಲೆ ಹಾಯಿಸುತ್ತೇವೆ. ಒಂದು ಹಂತದಲ್ಲಿ ದ್ರಾವಕದ ಮೈಮೇಲೆ ನೀಲಿ ಬೆಳಕೊಂದು ಫಕ್ಕನೆ ಹರಿದು ಆರಿಹೋಗುತ್ತದೆ. ಆಗಿನ ಶಾಖವೇ ಅದರ ಮಿಂಚುಬಿಂದು. ಅದು ಅರವತ್ತಕ್ಕಿಂತ ಹೆಚ್ಚಿದ್ದರೆ ಕಂಬಸ್ಟಿಬಲ್, ಹಳದಿ ಚೀಟಿ. ಮುಖ್ಯ ಕಟ್ಟಡದ ನೆಲಮಾಳಿಗೆಯ ಉಗ್ರಾಣದಲ್ಲಿ ಇಡಬಹುದು. ಅರವತ್ತಕ್ಕೋ ಅದರ ಕೆಳಗೋ ಬಂದರೆ ಫ್ಲೇಮಬಲ್, ಕೆಂಪು ಚೀಟಿ. ಅಂಗಳದ ಆಚೆ ಒಂಟಿಯಾಗಿ ನಿಂತಿರುವ, ಕಿಡಿ ಹಾರದ ಸ್ವಿಚ್ಚುಗಳಿರುವ ಶೆಡ್ಡಿಗೇ ಹೋಗಬೇಕು.

ನಮ್ಮ ಮಾತಿನಲ್ಲಿ ಬೆಂಕಿಯ ಕೆಲಸಕ್ಕೆ ಪದಗಳಿಗೇನೂ ಬರವಿಲ್ಲ. ಹಾಲು ಸೀಯುತ್ತದೆ, ಕೈ ಸುಡುತ್ತದೆ, ದೀಪ ಉರಿಯುತ್ತದೆ, ಬತ್ತಿ ಹೊತ್ತಿಕೊಳ್ಳುತ್ತದೆ, ಅನ್ನ ಬೇಯುತ್ತದೆ. ಆದರೆ ಇವೆಲ್ಲ ಬೆಂಕಿ ಮುಟ್ಟಿದ ಮೇಲಿನ ಮಾತು. ಮುಟ್ಟುವುದಕ್ಕೆ ಮೊದಲು ವಸ್ತುವಿನೊಳಗೆ ಎಷ್ಟು ಅವಸರ ತುಂಬಿದೆ ಎನ್ನುವುದಕ್ಕೆ ನನಗೆ ಪದ ಸಿಕ್ಕಿರಲಿಲ್ಲ. ಹೋದ ತಿಂಗಳು ಉಗ್ರಾಣದವರಿಗೆ ಈ ಎರಡು ಚೀಟಿಗಳ ಬಗ್ಗೆ ಪಾಠ ಮಾಡುವಾಗ ಅದಕ್ಕೇ ತಡವರಿಸಿದ್ದೆ.

ಉಗ್ರಾಣ ನೋಡಿಕೊಳ್ಳುವವನು ನನ್ನ ಸ್ವಂತ ಅಣ್ಣ. ಅವನ ಕೈಕೆಳಗೆ ಇಬ್ಬರು: ಪಂಪಿನ ಕೆಲಸದವನು, ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುವುದು; ಚೀಟಿ ಅಂಟಿಸುವ ಹೆಂಗಸು, ಇಡೀ ಕಾರ್ಖಾನೆಗೇ ಅಕ್ಕ. ಅವತ್ತು ಮೂವರೂ ಖಾಲಿ ಡ್ರಮ್ಮುಗಳ ಮೇಲೆ ಕುಳಿತಿದ್ದರು.

"ಕಂಬಸ್ಟಿಬಲ್ ಅಂದ್ರೆ ಮಲಗಿರೋದು ಅಂತ ಇಟ್ಕೊಳ್ಳಿ," ಎಂದೆ. "ಚೆನ್ನಾಗಿ ಕಾಯಿಸಿ ಎಬ್ಬಿಸಿದ್ರೆ ಮಾತ್ರ ಏಳುತ್ತೆ. ಫ್ಲೇಮಬಲ್ ಅಂದ್ರೆ ಎದ್ದು ಕೂತಿರೋದು. ಒಂದು ಕಿಡಿ ಕಂಡ್ರೆ ಸಾಕು."

"ಹಾಗಾದ್ರೆ ನಾನು ಕಂಬಸ್ಟಿಬಲ್ಲು, ನಿಮ್ಮತ್ತಿಗೆ ಫ್ಲೇಮಬಲ್ಲು," ಎಂದ ಅಣ್ಣ.

"ಮನೆಗೆ ಹೋಗಿ ಹೇಳ್ಲಾ?"

"ಹೇಳು ತಾಯಿ, ಹೇಳು. ಆಮೇಲೆ ನಾನು ರಾತ್ರಿ ಇಲ್ಲೇ ಡ್ರಮ್ಮಿನ ಮೇಲೆ ಮಲಗ್ತೀನಿ."

ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಮೀಸೆ ಮಾತ್ರ ಕೆಲಸದ ಮಾತೆತ್ತಿದ. "ಮೇಡಂ, ಹಳದಿ ಚೀಟಿ ಇದ್ರೆ ಒಂದು ಫ್ಯಾನ್ ಹಾಕ್ಕೋಬಹುದಾ? ಇಲ್ಲಿ ಕೂತ್ರೆ ಬೆಂದು ಹೋಗ್ತೀವಿ."

ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಉಗ್ರಾಣದ ಚಾವಣಿಗೆ ಒತ್ತಿಕೊಂಡೇ ಉಗಿಯ ಕೊಳವೆ ಹಾದುಹೋಗುತ್ತದೆ. ಮಧ್ಯಾಹ್ನ ಅಲ್ಲಿ ಮೂವತ್ತನಾಲ್ಕು ಡಿಗ್ರಿ. ನಾನು ನಿಯಮದ ಪುಸ್ತಕ ತಿರುವಿ ನೋಡಿದೆ. ಹಳದಿ ಚೀಟಿಯ ಜಾಗದಲ್ಲಿ ಸಾಧಾರಣ ಫ್ಯಾನು, ಸಾಧಾರಣ ಪಂಪು, ಎರಡಕ್ಕೂ ಅಡ್ಡಿಯಿಲ್ಲ. ಹಾಕಿಕೊಳ್ಳಿ ಎಂದೆ. ಆಮೇಲೆ ಯಾರಾದರೂ ಅನುಮಾನ ತೆಗೆದರೆ ಅಣ್ಣ, "ನನ್ನ ತಂಗಿ ಎರಡು ಸಲ ಅಳೆಯದೆ ಒಂದು ಮಾತು ಆಡೋಳಲ್ಲ," ಎನ್ನುತ್ತಿದ್ದನಂತೆ.

ಎರಡು ಸಲ ಅಳೆಯುತ್ತಿದ್ದುದು ನಿಜ. ಯಾವ ಬಟ್ಟಲಿನಲ್ಲಿ ಎಂಬುದೇ ಪ್ರಶ್ನೆ.

ಪರೀಕ್ಷೆಗೆ ಎರಡು ಬಗೆಯ ಬಟ್ಟಲುಗಳಿವೆ. ಒಂದು ತೆರೆದದ್ದು. ಇನ್ನೊಂದಕ್ಕೆ ಮುಚ್ಚಳವಿದ್ದು, ಆ ಮುಚ್ಚಳದಲ್ಲಿ ಪುಟ್ಟ ಕಿಟಕಿಯಿರುತ್ತದೆ. ಕಿಟಕಿ ಕ್ಷಣಮಾತ್ರ ತೆರೆದು, ಜ್ವಾಲೆ ಒಳಗೆ ಇಣುಕಿ, ಮತ್ತೆ ಮುಚ್ಚಿಕೊಳ್ಳುತ್ತದೆ. ನಿಯಮ ಕೇಳುವುದು ಈ ಮುಚ್ಚಿದ ಬಟ್ಟಲಿನ ಅಂಕಿಯನ್ನು. ಆದರೆ ನಮ್ಮದರ ಕಿಟಕಿಯ ಸ್ಪ್ರಿಂಗು ಮುರಿದು ಹದಿನಾಲ್ಕು ತಿಂಗಳಾಗಿತ್ತು. ಹೊಸದು ಬರುವ ತನಕ ತೆರೆದ ಬಟ್ಟಲಿನಲ್ಲಿ ಅಳೆದು, ಬಂದ ಅಂಕಿಯಿಂದ ಆರು ಕಳೆದು ಬರೆಯಿರಿ ಎಂದು ಹಿಂದಿನ ಮುಖ್ಯಸ್ಥರು ಹೇಳಿ ನಿವೃತ್ತರಾಗಿದ್ದರು. ನಮ್ಮಲ್ಲಿ ಅವರಿಗೆ 'ಆರು ಕಳೆ ಮೇಷ್ಟ್ರು' ಎಂದೇ ಹೆಸರು. ಆರು ಎನ್ನುವುದು ಅವರು ಗಾಳಿಯಲ್ಲಿ ಹಿಡಿದ ಸಂಖ್ಯೆಯಲ್ಲ. ಹನ್ನೊಂದು ವರ್ಷ ಒಂದೇ ದ್ರಾವಕವನ್ನು ಎರಡೂ ಬಟ್ಟಲುಗಳಲ್ಲಿ ಅಳೆದು, ವ್ಯತ್ಯಾಸ ಐದೂವರೆಯಿಂದ ಆರರ ಒಳಗೇ ನಿಲ್ಲುವುದನ್ನು ಕಂಡುಕೊಂಡಿದ್ದರು. ಆ ದ್ರಾವಕದ ಮಟ್ಟಿಗೆ ಅದು ಪ್ರಾಮಾಣಿಕವಾದ ಲೆಕ್ಕ. ಕೊನೆಯ ಸರಕು ಅರವತ್ತೆಂಟಕ್ಕೆ ಮಿಂಚಿತ್ತು. ಆರು ಕಳೆದೆ, ಅರವತ್ತೆರಡು ಬಂತು, ಹಳದಿ ಚೀಟಿಗೆ ಸಹಿ ಹಾಕಿದೆ.

ಸ್ಪ್ರಿಂಗು ಬಂದದ್ದು ಒಂದು ಮಂಗಳವಾರ, ಬೆಂಕಿಪೊಟ್ಟಣದಷ್ಟು ಚಿಕ್ಕ ಪೆಟ್ಟಿಗೆಯಲ್ಲಿ. ಕೂರಿಸುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಕಿಟಕಿ ಟಿಕ್ ಎಂದು ತೆರೆದು ಟಿಕ್ ಎಂದು ಮುಚ್ಚಿಕೊಳ್ಳುವುದನ್ನು ನಾಲ್ಕೈದು ಸಲ ಸುಮ್ಮನೆ ಸಂತೋಷಕ್ಕೆ ಮಾಡಿ ನೋಡಿದೆ. ಹೋಲಿಕೆಗೆ ಇರಲಿ ಎಂದು ಕೊನೆಯ ಸರಕಿನಿಂದ ಎತ್ತಿಟ್ಟಿದ್ದ ಮಾದರಿ ಸೀಸೆಯನ್ನು ತೆಗೆದೆ. ಅರವತ್ತೆರಡರ ಆಸುಪಾಸು ಮಿಂಚಬೇಕಾದ್ದು. ಪದ್ಧತಿಯಂತೆ ಅದಕ್ಕಿಂತ ಹದಿನೆಂಟು ಡಿಗ್ರಿ ಕೆಳಗೆ, ನಲವತ್ತನಾಲ್ಕರಿಂದ ಜ್ವಾಲೆ ಇಳಿಸಲು ಶುರು ಮಾಡಿದೆ.

ಮೊದಲ ಸಲ ಕಿಟಕಿ ತೆರೆದೊಡನೆ ಬಟ್ಟಲು ಫಟ್ ಎಂದಿತು. ಮುಚ್ಚಳ ಕೂತಲ್ಲೇ ಅಲುಗಿ, ಜ್ವಾಲೆ ಆರಿಹೋಯಿತು.

ಮೊದಲ ಇಣುಕಿಗೇ ಮಿಂಚಿದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ನಿಜವಾದ ಅಂಕಿ ಅದಕ್ಕಿಂತ ಕೆಳಗೆಲ್ಲೋ ಇದೆ ಎಂದಷ್ಟೇ ಅದರ ಅರ್ಥ. ಬಟ್ಟಲು ಸರಿಯಾಗಿ ಒರೆಸಿರಲಿಲ್ಲವೇನೋ ಎಂದುಕೊಂಡೆ. ತೊಳೆದು, ಒಣಗಿಸಿ, ಹೊಸ ಮಾದರಿಯನ್ನು ಮಂಜುಗಡ್ಡೆಯ ನೀರಿನಲ್ಲಿ ತಣ್ಣಗಾಗಿಸಿ, ಹದಿನೈದರಿಂದ ಶುರು ಮಾಡಿದೆ. ಹದಿನೇಳು, ಹತ್ತೊಂಬತ್ತು, ಇಪ್ಪತ್ತೊಂದು, ಏನೂ ಇಲ್ಲ. ಇಪ್ಪತ್ತೇಳರಲ್ಲಿ ಜ್ವಾಲೆಯ ಸುತ್ತ ತೆಳುವಾದ ನೀಲಿ ಪ್ರಭೆ ಕಂಡಿತು. ಇಪ್ಪತ್ತೊಂಬತ್ತಕ್ಕೆ ಫಟ್. ಮತ್ತೊಮ್ಮೆ ಮಾಡಿದೆ. ಇಪ್ಪತ್ತೊಂಬತ್ತು.

ಏನಾಗಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಈ ಸರಕಿನ ಎಣ್ಣೆ ಬೇರೆ ಕಡೆಯಿಂದ ಟ್ಯಾಂಕರಿನಲ್ಲಿ ಬಂದಿತ್ತು. ಅದೇ ಟ್ಯಾಂಕರು ಅದಕ್ಕೂ ಮುಂಚೆ ಇನ್ನೇನೋ ಹಗುರಾದದ್ದನ್ನು ಹೊತ್ತಿರಬೇಕು. ತಳದಲ್ಲಿ ಉಳಿದದ್ದು ಬೆರೆತಿದೆ. ನೂರಕ್ಕೆ ಎರಡು ಪಾಲು ಇದ್ದರೂ ಸಾಕು. ತೆರೆದ ಬಟ್ಟಲಿನಲ್ಲಿ ಅರವತ್ತರವರೆಗೆ ಕಾಯಿಸುವಷ್ಟರಲ್ಲಿ ಆ ಹಗುರ ಪಾಲೆಲ್ಲ ನನ್ನ ಕಣ್ಣೆದುರೇ ಗಾಳಿಗೆ ಹಾರಿಹೋಗಿ, ಉಳಿದ ಸಾಧು ದ್ರಾವಕವನ್ನಷ್ಟೇ ನಾನು ಅಳೆದಿದ್ದೆ. ಮುಚ್ಚಿದ ಬಟ್ಟಲಿನಿಂದ ಅದಕ್ಕೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಮುಚ್ಚಿದ ಡ್ರಮ್ಮಿನಿಂದಲೂ ಇಲ್ಲ. ನೆಲಮಾಳಿಗೆಯಿಂದಲೂ ಇಲ್ಲ. ಅಲ್ಲಿ ಈ ಹೊತ್ತಿಗೆ ಮೂವತ್ತನಾಲ್ಕು ಡಿಗ್ರಿ. ಅಣ್ಣ ಬೆಳಗ್ಗೆಯಿಂದ ನಲವತ್ತು ಡ್ರಮ್ಮುಗಳನ್ನು ಒಂದೊಂದಾಗಿ ತೆರೆದು ಚಿಕ್ಕ ಡಬ್ಬಗಳಿಗೆ ತುಂಬಿಸುತ್ತಿದ್ದ.

ಮೇಜಿನ ಮೇಲಿದ್ದ ಫೋನು ಎತ್ತಿ ಉಗ್ರಾಣದ ಸಂಖ್ಯೆಯ ಎರಡು ಅಂಕಿ ಒತ್ತಿದ್ದೆ. ಮೂರನೆಯದರ ಮೇಲೆ ಬೆರಳು ನಿಂತಿತು. ಕೆಳಗಿನ ಫೋನಿನದು ಹಳೆಯ ಕಾಲದ ಗಂಟೆ. ಒಂದೊಂದು ಸದ್ದಿಗೂ ಅದರೊಳಗೆ ತಂತಿಯ ತುದಿಗಳು ಕೂಡಿ ಬಿಡುತ್ತವೆ, ಸಣ್ಣ ಕಿಡಿ ಹಾರುತ್ತದೆ. ರಿಸೀವರನ್ನು ಮೊಟ್ಟೆ ಇಡುವ ಹಾಗೆ ಮೆಲ್ಲಗೆ ಇಟ್ಟೆ. ನನ್ನ ಮೊಬೈಲನ್ನೂ ಅದರ ಪಕ್ಕದಲ್ಲಿಟ್ಟೆ.

ಮೆಟ್ಟಿಲ ತಿರುವಿನಲ್ಲಿ ಮ್ಯಾನೇಜರು ಎದುರಾದರು. "ಏನಮ್ಮಾ, ಬೆನ್ನಿಗೆ ಬೆಂಕಿ ಬಿದ್ದಂಗೆ ಓಡ್ತಾ ಇದ್ದೀರಿ?"

"ಸಾರ್, ಕೆಳಗೆ ಆವಿ ತುಂಬಿರ್ಬೇಕು, ಒಂದು ಕಿಡಿ ಸಾಕು. ಕಟ್ಟಡದಿಂದ ಎಲ್ರನ್ನೂ ಆಚೆ ಕಳಿಸಿ. ಗಂಟೆ ಹೊಡೀಬೇಡಿ, ಉಗ್ರಾಣಕ್ಕೆ ಫೋನ್ ಮಾಡ್ಬೇಡಿ. ಅಂಗಳದಿಂದ ಅಗ್ನಿಶಾಮಕದವರನ್ನ ಕರೀರಿ. ಕರೆಂಟಿನವನು ಅಂಗಳದ ದೊಡ್ಡ ಸ್ವಿಚ್ ಹತ್ರ ನಿಂತಿರ್ಲಿ, ಕತ್ತಲಲ್ಲಿ ಯಾರೂ ಎಡವಬಾರ್ದು, ನಾನು ಮೇಲೆ ಬಂದು ಕೈ ಎತ್ತಿದ ಮೇಲೆ ಎಳೀಲಿ."

"ಒಂದ್ನಿಮಿಷ ನಿಲ್ಲಿ. ನಾಳೆ ಬೆಳಗ್ಗೆ ಲಾರಿ ಬರುತ್ತಲ್ರೀ."

"ಲಾರಿ ಬರೋಕೆ ಕಟ್ಟಡ ಇರ್ಬೇಕಲ್ಲ ಸಾರ್."

ಅವರ ಮುಖದ ಬಣ್ಣ ಹೇಗೆ ಬದಲಾಯಿತು ಎಂದು ನಾನು ನೋಡಲಿಲ್ಲ. ಉಗ್ರಾಣದ ಮೆಟ್ಟಿಲುಗಳು ಹದಿನೆಂಟು. ಮೇಲಿನಿಂದ ಹತ್ತನೆಯದರ ಬಳಿ ವಾಸನೆ ಬಂತು, ಸಿಹಿಯಾದ, ಹೊಸ ಪುಸ್ತಕದ ಹಾಳೆಯಂಥ ವಾಸನೆ. ದ್ರಾವಕದ ಆವಿ ಗಾಳಿಗಿಂತ ಭಾರ. ಮೇಲೇರದೆ ನೆಲಕ್ಕಂಟಿ, ಕಾಣದ ನೀರಿನಂತೆ ಹರಡುತ್ತದೆ. ಹತ್ತನೆಯ ಮೆಟ್ಟಿಲವರೆಗೆ ವಾಸನೆ ಏರಿದೆಯೆಂದರೆ ಕೆಳಗೆ ಎಷ್ಟು ಇರಬಹುದು? ಗಾಳಿಯಲ್ಲಿ ನೂರಕ್ಕೆ ಒಂದು ಪಾಲು ಆವಿ ಬೆರೆತರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ವಾಸನೆಯಿಂದ ಅದನ್ನು ಅಳೆಯಲಾಗದು ಎಂದು ಗೊತ್ತಿದ್ದೂ ಒಂದೊಂದು ಮೆಟ್ಟಿಲಿಗೂ ಮೂಗಿನಿಂದಲೇ ಅಳೆಯುತ್ತ ಇಳಿದೆ.

ಅಣ್ಣ ಡಬ್ಬದ ಬಾಯಿಗೆ ಕೊಳವೆ ಹಿಡಿದು ನಿಂತಿದ್ದ. ಅವನ ಬೆನ್ನ ಹಿಂದೆ ಮೇಜಿನ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಪಂಪು ಸದ್ದು ಮಾಡುತ್ತಿತ್ತು. ಮೀಸೆ ತುಂಬಿದ ಡಬ್ಬಗಳನ್ನು ಗೋಡೆಗೆ ಸಾಲಾಗಿ ಜೋಡಿಸುತ್ತಿದ್ದ. ಅಕ್ಕ ಹಳದಿ ಚೀಟಿಗಳ ಕಟ್ಟು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

"ಬನ್ನಿ ಮೇಡಂ, ಬನ್ನಿ! ದಾರಿ ತಪ್ಪಿ ಬಂದ್ರಾ?" ಎಂದ ಅಣ್ಣ. ನಾನು ಹೇಳಿದ್ದು ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. "ಏನು? ತಡಿ, ಈ ಗರಗಸದ ಬಾಯಿ ಮುಚ್ಚಿಸ್ತೀನಿ," ಎನ್ನುತ್ತ ಕೊಳವೆಯನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ಫ್ಯಾನಿನ ಸ್ವಿಚ್ಚಿನ ಕಡೆಗೆ ಚಾಚಿದ.

"ಮುಟ್ಬೇಡ!"

ಅವನ ಬೆರಳು ಸ್ವಿಚ್ಚಿನಿಂದ ಎರಡು ಅಂಗುಲ ದೂರದಲ್ಲಿ ನಿಂತಿತು.

"ಫ್ಯಾನ್ ಕಣೇ," ಎಂದ, ನಗುತ್ತ. ನಗು ಪೂರ್ತಿಯಾಗಲಿಲ್ಲ, ನನ್ನ ಮುಖ ನೋಡಿದ.

"ಅಣ್ಣಾ, ಏನನ್ನೂ ಆರಿಸ್ಬೇಡ, ಏನನ್ನೂ ಹಾಕ್ಬೇಡ. ಕೈ ಹಾಗೇ ಹಿಂದೆ ತಗೋ. ಎಲ್ರೂ ಮೇಲೆ ನಡೀರಿ. ಓಡ್ಬೇಡಿ. ಕಾಲಿಗೆ ಕಬ್ಬಿಣ ತಾಗಿಸ್ಬೇಡಿ."

ಅಕ್ಕ ಎದ್ದಳು. ಮೀಸೆ ಕೈಯಲ್ಲಿದ್ದ ಡಬ್ಬವನ್ನು ಎಲ್ಲಿಡಲಿ ಎಂದು ಕಣ್ಣಲ್ಲೇ ಕೇಳಿದ. ಅದನ್ನು ಅವನು ನೆಲಕ್ಕೆ ತಾಗುವುದು ಕೇಳದಷ್ಟು ಮೆಲ್ಲಗೆ ಇಟ್ಟ. ಇಬ್ಬರೂ ಮೆಟ್ಟಿಲೇರಿದರು.

ಅಣ್ಣ ಕದಲಲಿಲ್ಲ. "ಪಂಪ್ ನಿಲ್ಲಿಸ್ದೆ ಹೋದ್ರೆ ಈ ಡಬ್ಬ ತುಂಬಿ ಚೆಲ್ಲುತ್ತೆ. ಇನ್ನೊಂದು ನಿಮಿಷಾನೂ ಇಲ್ಲ."

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಪಂಪಿನ ಸ್ವಿಚ್ಚು ಮುಟ್ಟಿದರೆ ಕಿಡಿ. ಮುಟ್ಟದಿದ್ದರೆ ಡ್ರಮ್ಮಿನಲ್ಲಿರುವುದೆಲ್ಲ ನೆಲಕ್ಕೆ. ಮೇಲೆ ಹೋಗಿ ಕರೆಂಟು ತೆಗೆಸುವಷ್ಟರಲ್ಲಿ ಎಷ್ಟು ಚೆಲ್ಲಿರುತ್ತದೆ ಎಂದು ಲೆಕ್ಕ ಹಾಕಲು ಹೊರಟೆ. ಅಂಕಿಗಳು ತಲೆಯಲ್ಲಿ ನಿಲ್ಲಲಿಲ್ಲ. ಕಾಲೇಜಿನಲ್ಲಿ ಕಲಿತದ್ದೆಲ್ಲ ಆ ಹೊತ್ತಿಗೆ ಎಲ್ಲಿ ಅಡಗಿತ್ತೋ.

"ಕೊಳವೇನ ವಾಪಸ್ ಡ್ರಮ್ಮಿಗೇ ಬಿಟ್ರೆ?" ಎಂದ ಅಣ್ಣ. "ಅಲ್ಲಿಂದಲೇ ಎಳೆದು ಅಲ್ಲಿಗೇ ಸುರೀತಾ ಇರ್ಲಿ. ತಿರುಗ್ತಾ ಇರುತ್ತೆ."

"ಮಾಡು. ಆದ್ರೆ ಮೂತಿ ಅಂಚಿಗೆ ಬಡೀಬಾರ್ದು."

ಅವನು ಹೆಗಲ ಮೇಲಿದ್ದ, ಮುಖದ ಬೆವರಿನಿಂದಲೇ ಒದ್ದೆಯಾಗಿದ್ದ ಬಟ್ಟೆಯನ್ನು ತೆಗೆದು ಕೊಳವೆಯ ಹಿತ್ತಾಳೆ ಮೂತಿಗೆ ಸುತ್ತಿದ. ಡಬ್ಬದಿಂದ ಎತ್ತಿದ. ಡಬ್ಬಕ್ಕೂ ಡ್ರಮ್ಮಿಗೂ ನಡುವೆ ಒಂದೂವರೆ ಮಾರು. ಅಷ್ಟು ದೂರ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಬೆರಳ ಸಂದಿಯಿಂದ ದ್ರಾವಕ ಮುಂಗೈ ತನಕ ಹರಿಯುತ್ತಿದ್ದರೂ ಕಣ್ಣು ಮಿಟುಕಿಸದೆ, ನಿದ್ದೆ ಹೋದ ಕೂಸನ್ನು ಕೆಳಗಿಡುವ ಹಾಗೆ ಡ್ರಮ್ಮಿನೊಳಕ್ಕೆ ಇಳಿಸಿದ. ಸದ್ದಾಗಲಿಲ್ಲ. ಒಳಗೆ ದ್ರಾವಕ ದ್ರಾವಕಕ್ಕೇ ಬೀಳುವ ಗುಳುಗುಳು ಮಾತ್ರ.

ಹದಿನೆಂಟು ಮೆಟ್ಟಿಲು ಹತ್ತಿದೆವು. ಅವನು ನನ್ನನ್ನು ಮುಂದೆ ಬಿಟ್ಟುಕೊಂಡು ಹಿಂದೆ ಬಂದ. ಹಿಂದೆ ಫ್ಯಾನು ಅದೇ ಗರಗರ. ತಿರುಗುವಾಗ ಪಂಪಿನ ಮೋಟಾರಿನೊಳಗೂ ಕಿಡಿ ಇರುತ್ತದೆ ಎಂದು ನಾನು ಅವನಿಗೆ ಹೇಳಲಿಲ್ಲ. ಬೆಳಗ್ಗೆಯಿಂದ ತಿರುಗುತ್ತಲೇ ಇತ್ತು.

ಅಂಗಳಕ್ಕೆ ಬಂದು ಕೈ ಎತ್ತಿದೆ. ಕರೆಂಟಿನವನು ದೊಡ್ಡ ಸ್ವಿಚ್ಚು ಎಳೆದ. ಕಟ್ಟಡದ ಎಲ್ಲ ಸದ್ದುಗಳೂ ಒಟ್ಟಿಗೇ ನಿಂತವು. ಕಾರ್ಖಾನೆಯ ಅರವತ್ತೆಪ್ಪತ್ತು ಜನ ಬಿಸಿಲಿನಲ್ಲಿ ನಿಂತು, ಏನನ್ನು ಕಾಯಬೇಕೆಂದು ತಿಳಿಯದೆ, ಕಾಯುತ್ತಿದ್ದರು. ಏನೂ ಆಗಲಿಲ್ಲ. ನಾನು ಅಣ್ಣನನ್ನು ಕೊಳಾಯಿಯ ಹತ್ತಿರ ಎಳೆದುಕೊಂಡು ಹೋಗಿ ಮೊಣಕೈ ತನಕ ತೊಳೆಸಿದೆ.

ಮ್ಯಾನೇಜರು ಅಲ್ಲಿಗೇ ಬಂದರು. ಭಯ ಇಳಿದ ಮನುಷ್ಯನಿಗೆ ಬರುವ ಸಿಟ್ಟು ಅವರಿಗೆ ಬಂದಿತ್ತು. "ಏನು ಚೆಲ್ಲಾಡಿದ್ದೀಯಪ್ಪಾ ಕೆಳಗೆ? ಎಷ್ಟು ಸಲ ಹೇಳ್ಬೇಕು ನಿಮಗೆ?"

ಅಣ್ಣ ತಲೆ ತಗ್ಗಿಸಿದ. "ಬೆಳಗ್ಗೆ ಒಂದು ಡಬ್ಬ ಒಂಚೂರು ಸೋರಿತ್ತು ಸಾರ್. ಕೂಡ್ಲೇ ಒರೆಸಿದ್ವಿ. ಹಳದಿ ತಾನೇ ಅಂತ ಅಷ್ಟಕ್ಕೇ ಬಿಟ್ಟೆ. ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಮುಗೀತಾ? ಇಷ್ಟು ಜನರ ಪ್ರಾಣ!"

ಆಗಲೇ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಮೊದಲು ಬೆಂಕಿಯವರು ಬರಲಿ, ಆಮೇಲೆ ಕುಳಿತು ವಿವರವಾಗಿ ಹೇಳೋಣ, ಎರಡು ಬಟ್ಟಲುಗಳ ವಿಷಯ ನಿಂತ ಕಾಲಲ್ಲಿ ಹೇಳುವಂಥದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೊಳಾಯಿ ಇನ್ನೂ ಸುರಿಯುತ್ತಿತ್ತು. ಅಣ್ಣ ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ.

ಅಗ್ನಿಶಾಮಕದ ವಾಹನ ಗೇಟಿನ ಹೊರಗೇ ನಿಂತಿತು. ಅಧಿಕಾರಿ ನಡೆದು ಬಂದರು, ನಡುವಯಸ್ಸಿನ, ಮೆಲುದನಿಯ ಮನುಷ್ಯ. "ಒಳಗಿರೋದು ಏನು? ಕಂಬಸ್ಟಿಬಲ್ಲಾ, ಫ್ಲೇಮಬಲ್ಲಾ? ನಮ್ಮವರು ಯಾವ ಸಾಮಾನು ತಗೊಂಡು ಇಳೀಬೇಕು ಅನ್ನೋದು ಅದರ ಮೇಲಿದೆ."

"ಕಂಬಸ್ಟಿಬಲ್," ಎಂದು ಮ್ಯಾನೇಜರು ನನ್ನ ಸಹಿಯಿದ್ದ ಕಾಗದ ಚಾಚಿದರು. "ಅರವತ್ತೆರಡು."

ಇಬ್ಬರು ಹುಡುಗರು ಆಗಲೇ ಮುಖಕವಚ ಸರಿಮಾಡಿಕೊಳ್ಳುತ್ತಿದ್ದರು. ಒಬ್ಬನ ಕೈಯಲ್ಲಿ ಸಾಧಾರಣ ಟಾರ್ಚು.

"ಫ್ಲೇಮಬಲ್," ಎಂದೆ. "ಇಪ್ಪತ್ತೊಂಬತ್ತು. ಆ ಟಾರ್ಚ್ ತಗೊಂಡು ಇಳೀಬೇಡಿ."

ಅಧಿಕಾರಿ ಕಾಗದ ನೋಡಿ, ನನ್ನನ್ನು ನೋಡಿದರು. "ಇಲ್ಲಿ ಹೀಗಿದೆಯಲ್ಲ."

"ಅದು ತಪ್ಪು. ಬರೆದದ್ದು ನಾನೇ. ತೆರೆದ ಬಟ್ಟಲಿನಲ್ಲಿ ಅಳೆದು ಆರು ಕಳೆದು ಬರೆದೆ. ಈ ಸರಕಿಗೆ ಆ ಲೆಕ್ಕ ಹೊಂದಲ್ಲ ಅಂತ ಇವತ್ತು ಗೊತ್ತಾಯ್ತು. ಉಗ್ರಾಣದವರದ್ದು ಏನೂ ತಪ್ಪಿಲ್ಲ. ಫ್ಯಾನ್ ಹಾಕ್ಕೊಳ್ಳಿ ಅಂತ ಹೇಳಿದ್ದೂ ನಾನೇ."

ಕೊಳಾಯಿ ನಿಂತಿತು. ಅಣ್ಣ ಅದರ ತಿರುಪಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ. ಅವನು ಮನಸ್ಸಿನಲ್ಲಿ ದಿನಗಳನ್ನು ಹಿಂದಕ್ಕೆ ಎಣಿಸುತ್ತಿದ್ದುದು ಅವನ ಕಣ್ಣಲ್ಲಿ ಕಂಡಿತು: ಎಷ್ಟು ಸಲ ಸ್ವಿಚ್ಚು ಹಾಕಿದೆ, ಎಷ್ಟು ಸಲ ಆರಿಸಿದೆ.

ಅಧಿಕಾರಿ ಆವಿ ಅಳೆಯುವ ಯಂತ್ರವನ್ನು ಹಗ್ಗಕ್ಕೆ ಕಟ್ಟಿಸಿ, ಹಿತ್ತಾಳೆಯ ಕೊಕ್ಕೆಯಿಂದ ಮೆಟ್ಟಿಲ ಮೇಲೆ ಇಳಿಬಿಡಿಸಿದರು. ಆವಿ ಅಷ್ಟರಲ್ಲಿ ಇನ್ನೂ ಮೇಲೇರಿತ್ತು, ಮೇಲಿನಿಂದ ಆರನೆಯ ಮೆಟ್ಟಿಲಲ್ಲೇ ಅದು ಕೂಗಿಕೊಂಡಿತು. ಅವರು ಅಂಕಿಯನ್ನು ನನಗೆ ತೋರಿಸಿದರು, ಓದಬಲ್ಲವಳು ನಾನೊಬ್ಬಳೇ ಎಂಬಂತೆ. ಹೊತ್ತಿಕೊಳ್ಳಲು ಎಷ್ಟು ಬೇಕೋ ಅದರ ಮುಕ್ಕಾಲು ಪಾಲು, ಆರನೆಯ ಮೆಟ್ಟಿಲಲ್ಲಿ. ಅದಕ್ಕೂ ಕೆಳಗೆ ಹನ್ನೆರಡು ಮೆಟ್ಟಿಲಿದ್ದವು. ಉಗಿಯ ಕೊಳವೆ ತಣಿಯಲು ಇನ್ನೂ ಎಷ್ಟೋ ಗಂಟೆ ಬೇಕು. ಅಲ್ಲಿಯವರೆಗೆ ಡ್ರಮ್ಮುಗಳು ಉಸಿರು ಬಿಡುತ್ತಲೇ ಇರುತ್ತವೆ.

"ಯಾರೂ ಇಳಿಯೋದು ಬೇಡ. ಆವಿ ತಾನಾಗಿ ಆರಬೇಕು," ಎಂದರು ಅವರು. "ಜನರನ್ನ ಎಷ್ಟು ದೂರ ನಿಲ್ಲಿಸಿದ್ದೀರಿ?"

ಅಂಗಳದ ನಡುವಿನ ಸಿಮೆಂಟು ಕಟ್ಟೆಯನ್ನು ತೋರಿಸಿದೆ. ಗೋಡೆಗಳ ದಪ್ಪ, ಬಾಗಿಲಿನ ದಿಕ್ಕು ಎಲ್ಲ ಲೆಕ್ಕ ಹಾಕಿದ್ದೆ. "ಅಲ್ಲಿ ಸಾಕು," ಎಂದೆ. ಅಧಿಕಾರಿ ಒಪ್ಪಿ ತಲೆಯಾಡಿಸಿದರು.

ಜನ ಕಟ್ಟೆಯ ಹಿಂದೆ ಕುಳಿತುಕೊಳ್ಳತೊಡಗಿದ್ದರು. ಅಣ್ಣ ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡು ಅವರ ಬಳಿಗೆ ಹೋದ. ಅಕ್ಕನನ್ನು ಎಬ್ಬಿಸಿದ, ಮೀಸೆಯ ಭುಜ ತಟ್ಟಿದ.

"ಏಳಿ, ಏಳಿ. ಇನ್ನೂ ಹಿಂದೆ ನಡೀರಿ."

"ಇಲ್ಲೇ ಸಾಕಂತೆ ಕಣೋ, ಮೇಡಂ ಹೇಳಿದ್ರು," ಎಂದ ಯಾರೋ.

ಅಣ್ಣ ಗೇಟಿನ ಕಡೆ ಕೈ ತೋರಿಸಿದ. ಗೇಟು ದಾಟಿಸಿ, ರಸ್ತೆ ದಾಟಿಸಿ, ಎದುರಿನ ಗೋದಾಮಿನ ಗೋಡೆಯ ಆಚೆಗೆ ಒಬ್ಬೊಬ್ಬರನ್ನೇ ಕಳಿಸಿದ. ಕೊನೆಗೆ ಅವನೂ ಹೋದ. ಕಟ್ಟೆಯ ಹಿಂದೆ, ಲೆಕ್ಕ ಹಾಕಿದ ಜಾಗದಲ್ಲಿ, ನಾನೊಬ್ಬಳೇ ಉಳಿದೆ. ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ನಾನೂ ರಸ್ತೆ ದಾಟಿದೆ.